ಮನೆಯ ವಿಶ್ವಾಸದ ಕಥೆಯನ್ನು ಮಕ್ಕಳಿಗೆ ಹೇಳುವಾಗ ಏನು ಇಟ್ಟುಕೊಳ್ಳಬೇಕು, ಏನು ಬಿಡಬೇಕು?

ಮೂರನೇ ತಲೆಮಾರು

ನನ್ನ ಮಕ್ಕಳಿಗೆ ನೋಹನ ನಾವೆ ಗೊತ್ತು. ದಾವೀದನ ಕವಣೆ ಗೊತ್ತು. ಯೋನನನ್ನು ಮೀನು ನುಂಗಿದ್ದು ಗೊತ್ತು. ಆದರೆ ನಮ್ಮ ಮನೆಗೆ ಯೇಸುವಿನ ಹೆಸರು ಹೇಗೆ ಬಂತು ಅಂತ ಕೇಳಿದರೆ ಮುಖ ನೋಡುತ್ತಾರೆ. ಆ ಕಥೆ ಇನ್ನೂ ದೊಡ್ಡವರ ಮಾತಿನಲ್ಲೇ ಇದೆ, ಅವರ ಕಿವಿಗೆ ಬಿದ್ದಿಲ್ಲ.

ಕಥೆ ಇದು. ನಮ್ಮ ಮನೆಯಲ್ಲಿ ಮೊದಲು ನಂಬಿದವರು ನನ್ನ ಅಜ್ಜಿ. ಅಜ್ಜ ಹಾಸಿಗೆ ಹಿಡಿದಾಗ ಪರಿಚಯದ ಕೆಲವು ವಿಶ್ವಾಸಿಗಳು ಬಂದು ಪ್ರಾರ್ಥನೆ ಮಾಡುತ್ತಿದ್ದರು. ಅಜ್ಜ ಉಳಿಯಲಿಲ್ಲ. ಅದಾದ ಮೇಲೂ ಆ ಜನ ಬರುವುದನ್ನು ಬಿಡಲಿಲ್ಲ. ಸಾಲ ಕೊಟ್ಟವರ ಹತ್ತಿರ ಅಜ್ಜಿಯ ಪರವಾಗಿ ಮಾತಾಡಿದರು. ಮಕ್ಕಳನ್ನು ನೋಡಿಕೊಂಡರು. "ಇವರನ್ನು ಹೀಗೆ ಮಾಡಿದ ದೇವರು ಯಾರು ಅಂತ ತಿಳಿಯಬೇಕು ಅನ್ನಿಸಿತು" ಅಂತ ಅಜ್ಜಿ ಅಮ್ಮನ ಹತ್ತಿರ ಹೇಳಿದ್ದರಂತೆ.

ಈಗ ನನಗೂ ನನ್ನ ಅಣ್ಣನಿಗೂ ಇದರ ಬಗ್ಗೆ ಮಾತು ಕೂಡುತ್ತಿಲ್ಲ. "ಪ್ರಾರ್ಥನೆ ಮಾಡಿದರೂ ಅಜ್ಜ ತೀರಿಕೊಂಡರು ಅಂತ ಚಿಕ್ಕ ಮಕ್ಕಳಿಗೆ ಹೇಳಬೇಡ. ಅಜ್ಜಿ ನಂಬಿದರು ಅಂತ ಹೇಳು, ಸಾಕು" ಅನ್ನುವುದು ಅವನ ಮಾತು. ನನಗೆ ಅದು ಒಪ್ಪಿಗೆಯಾಗುತ್ತಿಲ್ಲ. ಅಜ್ಜನ ಸಾವನ್ನು ತೆಗೆದರೆ ಅಜ್ಜಿ ಯಾಕೆ ನಂಬಿದರು ಅನ್ನುವುದೇ ಹೋಗುತ್ತದೆ.

ಬೈಬಲಿನ 78ನೇ ಕೀರ್ತನೆ ಓದಿ ನೋಡಿ. ಹಿರಿಯರು ಹೇಳಿದ್ದನ್ನು ಮಕ್ಕಳಿಗೆ ಮುಚ್ಚಿಡುವುದಿಲ್ಲ, ಮುಂದಿನ ತಲೆಮಾರಿಗೆ ಹೇಳುತ್ತೇವೆ ಅಂತ ಶುರುವಾಗುತ್ತದೆ. ಆಮೇಲೆ ಏನು ಹೇಳುತ್ತದೆ? ದೇವರ ಮಹತ್ಕಾರ್ಯಗಳ ಜೊತೆಗೇ ಆ ಹಿರಿಯರ ಮೊಂಡುತನ, ಮರೆವು, ಗೊಣಗಾಟ ಎಲ್ಲವನ್ನೂ ಬಿಚ್ಚಿಡುತ್ತದೆ. ಮಕ್ಕಳು ತಮ್ಮ ಪೂರ್ವಿಕರ ಹಾಗೆ ಆಗದಿರಲಿ ಅಂತ 8ನೇ ವಚನ ನೇರವಾಗಿಯೇ ಹೇಳುತ್ತದೆ. ತಲೆಮಾರಿಗೆ ದಾಟಿಸಬೇಕಾದ ಕಥೆಯೇ ಹೀಗಿರುವಾಗ ನಾವು ಯಾಕೆ ಕತ್ತರಿ ಹಾಕಬೇಕು?

ನಿಮ್ಮ ಮನೆಗಳಲ್ಲಿ ಹೇಗೆ ಹೇಳುತ್ತೀರಿ? ಎಷ್ಟು ವಯಸ್ಸಿಗೆ ಎಷ್ಟು?

ಸಂಡೇ ಸ್ಕೂಲ್ ಟೀಚರ್

ಈ ಪ್ರಶ್ನೆ ಕೇಳಿದ್ದಕ್ಕೆ ಖುಷಿಯಾಯಿತು. ನಮ್ಮ ಕೈಗೆ ಮಕ್ಕಳು ಸಿಗುವುದು ವಾರಕ್ಕೆ ಒಂದು ಗಂಟೆ. ಉಳಿದ ವಾರವೆಲ್ಲ ಅವರು ನಿಮ್ಮ ಜೊತೆ ಇರುತ್ತಾರೆ. ಆದರೂ "ಟೀಚರ್ ಹೇಳಿಕೊಡುತ್ತಾರೆ ಬಿಡಿ" ಅನ್ನುವ ಪೋಷಕರು ಜಾಸ್ತಿ.

ಭಾನುವಾರದ ಶಾಲೆ ಮನೆಯ ಜಾಗ ತೆಗೆದುಕೊಳ್ಳಲು ಹುಟ್ಟಿದ್ದೂ ಅಲ್ಲ. 1780ರಲ್ಲಿ ಇಂಗ್ಲೆಂಡಿನ ಗ್ಲಾಸ್ಟರ್‌ನಲ್ಲಿ ರಾಬರ್ಟ್ ರೈಕ್ಸ್ ಅದನ್ನು ಶುರು ಮಾಡಿದಾಗ, ವಾರವೆಲ್ಲ ದುಡಿಯುವ ಬಡ ಮಕ್ಕಳಿಗೆ ರಜೆಯ ದಿನ ಓದಲು ಕಲಿಸುವುದೇ ದೊಡ್ಡ ಕೆಲಸವಾಗಿತ್ತು. ಮನೆಯಲ್ಲಿ ಹೇಳುವ ಕೆಲಸ ಅದಕ್ಕಿಂತ ತುಂಬ ಹಳೆಯದು.

ನಿಮ್ಮ ವಯಸ್ಸಿನ ಪ್ರಶ್ನೆಗೆ ಒಂದು ಹಳೆಯ ಉತ್ತರ ಇದೆ. 407ರಲ್ಲಿ ತೀರಿಕೊಂಡ ಜಾನ್ ಕ್ರಿಸೊಸ್ಟಮ್ ಅನ್ನುವ ಪ್ರಸಿದ್ಧ ಬೋಧಕರು ಮಕ್ಕಳನ್ನು ಬೆಳೆಸುವ ಬಗ್ಗೆ ತಂದೆತಾಯಿಗಳಿಗಾಗಿ ಬರೆದಿದ್ದಾರೆ. ಅವರು ಹೇಳುವ ಕ್ರಮ ಕೇಳಿ. ಸಂಜೆ ಮಗು ಪಾಠ ಮುಗಿಸಿ ಕೂತಾಗ ಕಾಯಿನ ಮತ್ತು ಹೇಬೆಲನ ಕಥೆ ಹೇಳಿ. ಇನ್ನೊಂದು ಸಂಜೆ ಅದೇ ಕಥೆಯನ್ನು ಮಗುವಿನ ಬಾಯಿಂದಲೇ ಕೇಳಿ. ಅದು ಚೆನ್ನಾಗಿ ಮನಸ್ಸಿಗೆ ಹತ್ತಿದ ಮೇಲೆ ಯಾಕೋಬ ಮತ್ತು ಏಸಾವರ ಕಥೆಗೆ ಹೋಗಿ. ಅಪ್ಪ ಒಬ್ಬರೇ ಅಲ್ಲ, ಅಮ್ಮನೂ ಹೇಳಲಿ. ಆಮೇಲೆ ಆರಾಧನೆಯಲ್ಲಿ ಅದೇ ಭಾಗ ಓದಿದಾಗ ಮಗುವಿಗೆ ತನಗೆ ಮೊದಲೇ ಗೊತ್ತಿದ್ದ ಕಥೆ ಅಂತ ಎಷ್ಟು ಸಂತೋಷವಾಗುತ್ತದೆ ನೋಡಿ ಅನ್ನುತ್ತಾರೆ. ನಾನು ಇದನ್ನು ತರಗತಿಯಲ್ಲಿ ಕಣ್ಣಾರೆ ಕಂಡಿದ್ದೇನೆ. ಮನೆಯಲ್ಲಿ ಕೇಳಿ ಬಂದ ಮಗು ಎದ್ದು ಕೂರುತ್ತದೆ, "ಮಿಸ್, ನಾನು ಹೇಳುತ್ತೇನೆ" ಅನ್ನುತ್ತದೆ.

ಗಮನಿಸಿ, ಅವರು ಚಿಕ್ಕವರಿಗೆ ಆರಿಸಿದ ಮೊದಲ ಕಥೆಯಲ್ಲೇ ಒಂದು ಸಾವು ಇದೆ. ಎಂಟು ಹತ್ತು ವರ್ಷದ ಮಕ್ಕಳಿಗೆ ಜಲಪ್ರಳಯ, ಸೊದೋಮಿನ ನಾಶ ಹೇಳಬಹುದು ಅನ್ನುತ್ತಾರೆ. ನರಕದ ಮಾತು ಮಾತ್ರ ಹದಿನೈದು ದಾಟಿದ ಮೇಲೆ. ಹಾಗಾಗಿ ನಿಮ್ಮ ಅಜ್ಜನ ಸಾವನ್ನು ಹೇಳಬಹುದು ಅಂತ ನನ್ನ ಅಭಿಪ್ರಾಯ. ಮಕ್ಕಳನ್ನು ಕೆಡಿಸುವುದು ಸಾವಿನ ಮಾತಲ್ಲ, ಭಯ ಹುಟ್ಟಿಸುವ ದನಿ.

ಇನ್ನೊಂದು ವಿನಂತಿ. ಕಥೆ ಮುಗಿದ ಕೂಡಲೇ "ಇದರಿಂದ ನಾವು ಕಲಿಯುವುದೇನೆಂದರೆ" ಅಂತ ಶುರು ಮಾಡಬೇಡಿ. ಮಗು ಅಲ್ಲಿಯವರೆಗೆ ತಾನಾಗಿ ಯೋಚಿಸುತ್ತಿರುತ್ತದೆ. ನಾವು ಪಾಠ ಎಳೆದ ಕೂಡಲೇ ನಿಲ್ಲಿಸಿಬಿಡುತ್ತದೆ.

ಬಿಟ್ಟು ಹೋಗಿ ಬಂದವಳು

ನಾನು ಇಂಥ ಕಥೆಗಳ ನಡುವೆಯೇ ಬೆಳೆದವಳು. ಆದರೂ ಕಾಲೇಜಿನ ಹೊತ್ತಿಗೆ ಎಲ್ಲ ಬಿಟ್ಟಿದ್ದೆ. ಹಾಗಾಗಿ ನನ್ನ ಮಾತು ಸ್ವಲ್ಪ ಖಾರ ಅನ್ನಿಸಿದರೆ ಸಹಿಸಿಕೊಳ್ಳಿ.

ನಮ್ಮ ಮನೆಯ ಕಥೆಗಳಲ್ಲಿ ಎಲ್ಲರೂ ಗೆದ್ದವರೇ. ತಾತ ಪ್ರಾರ್ಥಿಸಿದರು, ಕೆಲಸ ಸಿಕ್ಕಿತು. ಅಜ್ಜಿ ಉಪವಾಸ ಮಾಡಿದರು, ಕಾಯಿಲೆ ವಾಸಿಯಾಯಿತು. ಪ್ರತಿ ಕಥೆಯ ಕೊನೆಗೂ ಒಂದು ಬೆರಳು ನನ್ನ ಕಡೆ ತಿರುಗುತ್ತಿತ್ತು: "ನಿಮ್ಮ ತಾತ ಎಂಥ ಭಕ್ತರು, ನೀನು ಬೆಳಿಗ್ಗೆ ಎದ್ದು ಬೈಬಲ್ ಕೂಡ ಮುಟ್ಟುವುದಿಲ್ಲ." ಕಥೆ ನನಗೆ ಕೊಟ್ಟದ್ದು ವಿಶ್ವಾಸವಲ್ಲ, ಒಂದು ಅಳತೆಗೋಲು. ನಾನು ಯಾವತ್ತೂ ಅದಕ್ಕೆ ಸಾಲುತ್ತಿರಲಿಲ್ಲ.

ಆಮೇಲೆ ನನ್ನ ಗೆಳತಿಗೆ ಕಾಯಿಲೆ ಬಂತು. ನಾನು ತಾತನ ಹಾಗೆಯೇ ಪ್ರಾರ್ಥನೆ ಮಾಡಿದೆ. ಅವಳು ಹೋದಳು. ನನಗೆ ಗೊತ್ತಿದ್ದ ಯಾವ ಕಥೆಯಲ್ಲೂ ಹಾಗೆ ಆದವರು ಇರಲಿಲ್ಲ. ಹಾಗಾದರೆ ನನ್ನಲ್ಲೇ ಏನೋ ಕೊರತೆ, ಇಲ್ಲದಿದ್ದರೆ ಕಥೆಗಳೇ ಸುಳ್ಳು ಅನ್ನಿಸಿತು. ಮೂರನೇ ದಾರಿಯೊಂದು ಇದೆ ಅಂತ ಯಾರೂ ಹೇಳಿರಲಿಲ್ಲ.

ಹೇಳಿದ್ದು ಚಿಕ್ಕಮ್ಮ, ತುಂಬ ತಡವಾಗಿ. ಅವರ ಮೊದಲ ಮಗು ಹುಟ್ಟಿದ ಸ್ವಲ್ಪ ಹೊತ್ತಿಗೆ ತೀರಿಕೊಂಡಿತ್ತು. ಆಮೇಲೆ ಬಹಳ ಕಾಲ ಅವರಿಗೆ ಪ್ರಾರ್ಥನೆಯೇ ಬರುತ್ತಿರಲಿಲ್ಲವಂತೆ. ಸಭೆಗೆ ಹೋಗಿ ಹಿಂದಿನ ಸಾಲಿನಲ್ಲಿ ಸುಮ್ನೆ ಕೂತು ಬರುತ್ತಿದ್ದರಂತೆ. "ನನ್ನ ಬದಲು ಬೇರೆಯವರು ಹಾಡುತ್ತಿದ್ದರು, ಅದು ಸಾಕಾಗಿತ್ತು" ಅಂದರು. ಆ ಒಂದು ಮಾತು ನನ್ನನ್ನು ಮತ್ತೆ ಆ ಹಿಂದಿನ ಸಾಲಿನವರೆಗೆ ಕರೆತಂದಿತು. ಈ ಕಥೆ ನಮ್ಮ ಮನೆಯಲ್ಲೇ ಇತ್ತು. ಕೆಟ್ಟ ಸಾಕ್ಷಿ ಆಗುತ್ತದೆ ಅಂತ ಮುಚ್ಚಿಟ್ಟಿದ್ದರು.

ಶಿಷ್ಯನಾದ ಪೇತ್ರನು ಯೇಸುವನ್ನು ಅರಿಯೆನೆಂದ ಸಂಗತಿ ನಾಲ್ಕೂ ಸುವಾರ್ತೆಗಳಲ್ಲಿ ಇದೆ. ಅದು ಬರವಣಿಗೆಗೆ ಬರುವ ಹೊತ್ತಿಗೆ ಪೇತ್ರ ಸಭೆಯ ದೊಡ್ಡ ಹಿರಿಯ. ಯಾರಾದರೂ ಆ ಭಾಗ ಬಿಡಬಹುದಿತ್ತು. ಯಾರೂ ಬಿಡಲಿಲ್ಲ. ಅಕ್ಕ, ನಿಮ್ಮ ಅಜ್ಜಿಯ ಕಥೆಯನ್ನು ದಯವಿಟ್ಟು ಪೂರ್ತಿ ಹೇಳಿ.

ಮೊಮ್ಮಕ್ಕಳ ಅಜ್ಜ

ಮಗಳೇ, ನಿನ್ನ ಮಾತು ಓದಿ ಮನಸ್ಸು ಭಾರವಾಯಿತು. ನೀನು ಹೇಳಿದ್ದು ನಿಜ.

ಆದರೂ ಒಂದು ಮಾತು ಸೇರಿಸುತ್ತೇನೆ. ಬರೀ ಗೆಲುವಿನ ಕಥೆ ಎಷ್ಟು ಅಪಾಯವೋ ಬರೀ ನೋವಿನ ಕಥೆಯೂ ಅಷ್ಟೇ. ದೇವರು ನಿಜವಾಗಿ ಕೈ ಹಿಡಿದ ದಿನಗಳೂ ಮನೆಯಲ್ಲಿ ಇರುತ್ತವೆ. ಈಗಿನ ಕೆಲವು ತಂದೆತಾಯಿಗಳು ಅವನ್ನು ಹೇಳಲು ನಾಚುತ್ತಾರೆ. ಮಗುವಿಗೆ ಕಾಲೂರಲು ನೆಲ ಬೇಡವೇ?

ನನ್ನ ಚಿಂತೆ ಬೇರೆ. ಸಾಕ್ಷಿ ಹೇಳುತ್ತಾ ಹೇಳುತ್ತಾ ಬೆಳೆಯುತ್ತದೆ. ಮೊದಲ ಸಲ "ಜ್ವರ ಇಳಿಯಿತು". ಕೆಲವು ವರ್ಷ ಕಳೆದರೆ "ಡಾಕ್ಟರು ಕೈಬಿಟ್ಟಿದ್ದರು". ಇನ್ನೂ ಮುಂದೆ ಹೋದರೆ "ಸತ್ತೇ ಹೋಗಿದ್ದ". ಹೇಳುವವರು ಸುಳ್ಳುಗಾರರಲ್ಲ, ಪ್ರೀತಿಯಿಂದಲೇ ಸೇರಿಸುತ್ತಾರೆ. ಆದರೆ ಮಗು ದೊಡ್ಡದಾಗಿ ಒಂದು ಕಡೆ ಸೇರಿಸಿದ್ದು ಗೊತ್ತಾದರೆ ಎಲ್ಲ ಕಡೆಯೂ ಅನುಮಾನ ಪಡುತ್ತದೆ. ಯೇಸುವಿನ ಸಮಾಧಿ ಖಾಲಿಯಾಗಿತ್ತು ಅನ್ನುವುದನ್ನೂ ಅದೇ ಬಾಯಿ ಹೇಳಿತ್ತಲ್ಲ!

ಅದಕ್ಕೇ ನಾನು ಮೊಮ್ಮಕ್ಕಳಿಗೆ ಹೇಳುವಾಗ ಬೇರೆ ಬೇರೆ ಮಾಡಿಯೇ ಹೇಳುತ್ತೇನೆ. ಇದು ನಾನು ಕಣ್ಣಾರೆ ನೋಡಿದ್ದು. ಇದು ನನ್ನ ತಾಯಿ ಹೇಳಿದ್ದು, ನಾನು ನೋಡಿಲ್ಲ. ಇದರಲ್ಲಿ ದೇವರ ಕೈ ಇತ್ತು ಅಂತ ನಾನು ನಂಬುತ್ತೇನೆ. ಮಕ್ಕಳು ಈ ವ್ಯತ್ಯಾಸವನ್ನು ಬಹಳ ಬೇಗ ಹಿಡಿಯುತ್ತಾರೆ. "ಅಜ್ಜ, ಇದು ನೋಡಿದ್ದಾ, ಕೇಳಿದ್ದಾ?" ಅಂತ ಅವರೇ ಕೇಳುತ್ತಾರೆ. ಆ ಪ್ರಶ್ನೆ ಕೇಳಿದಾಗ ನನಗೆ ತುಂಬ ಸಂತೋಷ.

ಇತಿಹಾಸದ ಓದುಗ

ಅಜ್ಜ ಅವರು ಹೇಳಿದ್ದಕ್ಕೆ ಹೊಂದುವ ಒಂದು ಸಂಗತಿ ಹೇಳುತ್ತೇನೆ. ನನ್ನನ್ನು ಬಹಳ ಕಾಡಿದ ಸಂಗತಿ ಇದು.

ಜಪಾನಿನಲ್ಲಿ 1614ರಲ್ಲಿ ದೇಶದಾದ್ಯಂತ ಕ್ರೈಸ್ತ ಧರ್ಮವನ್ನು ನಿಷೇಧಿಸಿದರು. ಪಾದ್ರಿಗಳನ್ನು ಓಡಿಸಿದರು, ಸಿಕ್ಕವರನ್ನು ಕೊಂದರು. ಆಮೇಲೆ ಎರಡು ಶತಮಾನಕ್ಕೂ ಜಾಸ್ತಿ ಕಾಲ ಅಲ್ಲಿ ಚರ್ಚ್ ಇಲ್ಲ, ಪಾದ್ರಿ ಇಲ್ಲ, ಬೈಬಲ್ ಇಲ್ಲ. 1865ರ ಮಾರ್ಚ್ 17ರಂದು ನಾಗಸಾಕಿಯಲ್ಲಿ ವಿದೇಶಿಯರಿಗಾಗಿ ಹೊಸದಾಗಿ ಕಟ್ಟಿದ್ದ ಓಉರಾ ಚರ್ಚ್‌ಗೆ ಹತ್ತಿರದ ಹಳ್ಳಿಯ ಕೆಲವರು ಬಂದರು. ಅಲ್ಲಿದ್ದ ಫ್ರೆಂಚ್ ಪಾದ್ರಿ ಬರ್ನಾರ್ ಪೆತಿಜಾನ್ ಅವರ ಹತ್ತಿರ ಒಬ್ಬ ಹೆಂಗಸು ಮೆಲ್ಲಗೆ, ನಮ್ಮ ಹೃದಯವೂ ನಿಮ್ಮ ಹೃದಯದಂತೆಯೇ ಅಂದಳು. ಮರಿಯಮ್ಮನ ಪ್ರತಿಮೆ ಎಲ್ಲಿದೆ ಅಂತ ಕೇಳಿದಳು. ಆಮೇಲೆ ತಿಳಿಯಿತು, ಅಂಥ ಸಾವಿರಾರು ಜನ ಇದ್ದರು. ದೀಕ್ಷಾಸ್ನಾನ, ಪ್ರಾರ್ಥನೆ, ಹಬ್ಬದ ದಿನಗಳು ಎಲ್ಲವನ್ನೂ ಮನೆಮಂದಿ, ನೆರೆಹೊರೆಯವರೇ ಬಾಯಿಂದ ಬಾಯಿಗೆ ದಾಟಿಸಿಕೊಂಡು ಬಂದಿದ್ದರು. ನಿಷೇಧ ತೆಗೆದದ್ದು 1873ರಲ್ಲಿ.

ಮನೆ ಅನ್ನುವುದು ಎಷ್ಟು ಗಟ್ಟಿ ಅಂತ ಇದರಲ್ಲಿ ಕಾಣುತ್ತದೆ. ಇದರ ಇನ್ನೊಂದು ಮುಖವನ್ನೂ ಹೇಳಬೇಕು. ಅವರಲ್ಲಿ ಕೆಲವರು ಉಳಿಸಿಕೊಂಡು ಬಂದ ಬೈಬಲ್ ಕಥೆಗಳು ಆಮೇಲೆ ಬರಹದಲ್ಲಿ ಸಿಕ್ಕವು. ಸೃಷ್ಟಿ, ಪ್ರಳಯ, ಯೇಸುವಿನ ಜನನ ಎಲ್ಲ ಇದೆ. ಆದರೆ ಅಲ್ಲಲ್ಲಿ ಸ್ಥಳೀಯ ಕಥೆಗಳು ಬೆರೆತಿವೆ, ಘಟನೆಗಳು ಬದಲಾಗಿವೆ. ಅವರನ್ನು ದೂರುವಂತಿಲ್ಲ, ಪ್ರಾಣ ಒತ್ತೆ ಇಟ್ಟು ಕಾಪಾಡಿದವರು ಅವರು. ನಮಗೆ ಮಾತ್ರ ಪುಸ್ತಕ ಕೈಯಲ್ಲೇ ಇದೆ. ಮನೆಯ ಕಥೆ ಹೇಳಿದ ದಿನ ಅದಕ್ಕೆ ಹತ್ತಿರದ ಒಂದು ಭಾಗವನ್ನು ಬೈಬಲಿನಿಂದ ಓದಿಬಿಟ್ಟರೆ ಕಥೆ ದಾರಿ ತಪ್ಪುವುದಿಲ್ಲ. ಮೂರನೇ ತಲೆಮಾರು ಅವರ ಅಜ್ಜಿಗೆ ಯೋಹಾನ 11ನೇ ಅಧ್ಯಾಯ ಚೆನ್ನಾಗಿ ಹೊಂದುತ್ತದೆ. ತೀರಿಕೊಂಡ ಲಾಜರನ ಸಹೋದರಿಯರು "ನೀನು ಇಲ್ಲಿ ಇದ್ದಿದ್ದರೆ" ಅಂತ ಯೇಸುವಿನ ಮುಖಕ್ಕೇ ಹೇಳುವ ಭಾಗ.

ಹೊಸ ವಿಶ್ವಾಸಿ

ನಿಮ್ಮೆಲ್ಲರ ಮಾತು ಓದುತ್ತಾ ಖುಷಿಯೂ ಆಯಿತು, ಸ್ವಲ್ಪ ಹೊಟ್ಟೆಯುರಿಯೂ ಆಯಿತು. ನಮ್ಮ ಮನೆಯಲ್ಲಿ ನಾನೇ ಮೊದಲು. ಅಜ್ಜಿಯ ಸಾಕ್ಷಿ, ತಾತನ ಬೈಬಲ್ ಯಾವುದೂ ಇಲ್ಲ. ನನ್ನ ಮಗನಿಗೆ ನಾನು ಎಲ್ಲಿಂದ ಶುರು ಮಾಡಲಿ?

ಸಂಡೇ ಸ್ಕೂಲ್ ಟೀಚರ್

ತಮ್ಮಾ, ಯೆಹೋಶುವ 24ನೇ ಅಧ್ಯಾಯದ 2ನೇ ವಚನ ತೆಗೆದು ನೋಡಿ. ಅಬ್ರಹಾಮನ ತಂದೆ ತೆರಹನು ಬೇರೆ ದೇವರುಗಳನ್ನು ಸೇವಿಸುತ್ತಿದ್ದ ಅಂತ ಯೆಹೋಶುವ ಎಲ್ಲ ಜನರ ಮುಂದೆ ಹೇಳುತ್ತಾನೆ. ಇಸ್ರಾಯೇಲಿನ ಮನೆಕಥೆಯೇ ಅಲ್ಲಿಂದ ಶುರು. ಪೌಲನ ಜೊತೆಗಾರ ತಿಮೊಥೆಯನಿಗೆ ಅಜ್ಜಿ ಲೋವಿ, ತಾಯಿ ಯೂನಿಕೆ ಇದ್ದರು ಅಂತ ನಾವು ಹೇಳುತ್ತೇವೆ. ಯೇಸುವನ್ನು ನಂಬಿದವರಲ್ಲಿ ಆ ಅಜ್ಜಿಯೇ ಆ ಮನೆಗೆ ಮೊದಲಿಗರು.

ಇನ್ನು ನಿಮ್ಮ ತಂದೆತಾಯಿಯ ಕಥೆಗಳನ್ನೂ ಬಿಡಬೇಡಿ. ಅವರು ಯೇಸುವನ್ನು ಅರಿಯದಿದ್ದರೂ ನಿಮ್ಮನ್ನು ಪ್ರಾಮಾಣಿಕವಾಗಿ ಬೆಳೆಸಿದ್ದರೆ, ಹಸಿದವರಿಗೆ ಕೊಟ್ಟಿದ್ದರೆ, ಅದನ್ನು ಮಗನಿಗೆ ಗೌರವದಿಂದ ಹೇಳಿ. ಕತ್ತಲೆಯಲ್ಲಿದ್ದವರು ಅಂತ ಮಾತ್ರ ಹೇಳಿದರೆ ಮಗ ಅಜ್ಜ ಅಜ್ಜಿಯನ್ನೂ ಕಳೆದುಕೊಳ್ಳುತ್ತಾನೆ. ಐದನೇ ಆಜ್ಞೆಯಲ್ಲಿ ವಿಶ್ವಾಸಿಗಳಾದ ತಂದೆತಾಯಿಯನ್ನು ಮಾತ್ರ ಗೌರವಿಸು ಅಂತ ಇಲ್ಲ.

ಇತಿಹಾಸದ ಓದುಗ

ಯೆಹೋಶುವ 4ನೇ ಅಧ್ಯಾಯವೂ ಇದೆ. ಯೊರ್ದನ್ ದಾಟಿದವರು ನದಿಯಿಂದ 12 ಕಲ್ಲುಗಳನ್ನು ಎತ್ತಿಕೊಂಡು ಹೋಗಿ ಗಿಲ್ಗಾಲಿನಲ್ಲಿ ನಿಲ್ಲಿಸಿದರು. ಮುಂದೆ ಮಕ್ಕಳು ಈ ಕಲ್ಲುಗಳು ಏನು ಅಂತ ಕೇಳಿದಾಗ ಹೇಳಲು. ಕಲ್ಲು ನಿಲ್ಲಿಸಿದವರು ಮೊದಲ ಸಲ ದಾಟಿದವರೇ. ನಿಮ್ಮ ಮನೆಯಲ್ಲಿ ದಾಟಿದವರು ನೀವು. ನಿಮಗೆ ಮೊದಲು ಸಿಕ್ಕ ಬೈಬಲ್, ದೀಕ್ಷಾಸ್ನಾನದ ದಿನದ ಫೋಟೋ, ಯಾರೋ ಬರೆದ ಕಾಗದ, ಏನಾದರೂ ಇದ್ದರೆ ಮಗನ ಕಣ್ಣಿಗೆ ಬೀಳುವ ಹಾಗೆ ಇಡಿ. ಕೇಳುವವರೆಗೆ ಕಾಯಿರಿ. ವಿಮೋಚನಕಾಂಡ 12ರಲ್ಲೂ ಪಸ್ಕದ ಅರ್ಥ ಏನು ಅಂತ ಮಕ್ಕಳು ಕೇಳಿದಾಗಲೇ ಹಿರಿಯರು ಹೇಳುವುದು.

ಒಬ್ಬ ತಾಯಿ

ಟೀಚರ್ ತಿಮೊಥೆಯನ ಹೆಸರು ತೆಗೆದಿದ್ದಕ್ಕೆ ನಾನೂ ಬರೆಯುತ್ತಿದ್ದೇನೆ. ಅಪೊಸ್ತಲರ ಕೃತ್ಯಗಳು 16ರಲ್ಲಿ ಅವನ ತಂದೆ ಗ್ರೀಕನು ಅಂತ ಇದೆ. ನನ್ನ ಯಜಮಾನರೂ ನಂಬುವವರಲ್ಲ, ಒಳ್ಳೆಯ ಮನುಷ್ಯ. ನಾನು ಮಾಡಿಕೊಂಡ ನಿಯಮ ಒಂದೇ. ಅವರ ಬೆನ್ನ ಹಿಂದೆ ಯಾವ ಕಥೆಯನ್ನೂ ಹೇಳುವುದಿಲ್ಲ. ಅವರು ಕೂತಿರುವಾಗಲೇ ಹೇಳುತ್ತೇನೆ. ಅವರು ಒಪ್ಪದಿದ್ದರೆ ಒಪ್ಪುವುದಿಲ್ಲ ಅಂತ ಮಕ್ಕಳ ಮುಂದೆಯೇ ಹೇಳುತ್ತಾರೆ. ಮಕ್ಕಳು ಇಬ್ಬರನ್ನೂ ಕೇಳುತ್ತಾರೆ. ಅಪ್ಪನಿಗೆ ಗೊತ್ತಾಗಬಾರದ ಗುಟ್ಟು ಅನ್ನಿಸಿದರೆ ಆ ವಿಶ್ವಾಸ ಮಕ್ಕಳಿಗೆ ಭಾರವೇ ಹೊರತು ಆಸರೆಯಲ್ಲ.

ಹದಿಹರೆಯದವಳ ಅಪ್ಪ

ಚಿಕ್ಕ ಮಕ್ಕಳ ಮಾತು ಸರಿ. ನನ್ನ ಮಗಳಿಗೆ ಹದಿನಾರು. "ಅಪ್ಪ, ಈ ಕಥೆ ಕೇಳಿ ಆಯಿತು" ಅನ್ನುತ್ತಾಳೆ. ಏನು ಮಾಡುವುದು?

ಮೊಮ್ಮಕ್ಕಳ ಅಜ್ಜ

ಕೂರಿಸಿಕೊಂಡು ಹೇಳಬೇಡಪ್ಪಾ. ಧರ್ಮೋಪದೇಶಕಾಂಡ 6ರಲ್ಲಿ ಮನೆಯಲ್ಲಿ ಕೂತಾಗ, ದಾರಿಯಲ್ಲಿ ನಡೆಯುವಾಗ, ಮಲಗುವಾಗ, ಏಳುವಾಗ ಅಂತ ಇದೆ. ಆ ವಯಸ್ಸಿನವರು ಎದುರುಬದುರು ಕೂತರೆ ಮುದುಡುತ್ತಾರೆ. ಪಕ್ಕದಲ್ಲಿ ನಡೆಯುವಾಗ ಬಾಯಿ ಬಿಡುತ್ತಾರೆ. ಕಥೆಯೂ ಬದಲಾಗಬೇಕು. ಹದಿನಾರಕ್ಕೆ ಚಿಕ್ಕಂದಿನ ಪವಾಡ ಬೇಡ. ಲಂಚ ಕೇಳಿದಾಗ ನೀನು ಏನು ಮಾಡಿದೆ, ಯಾರನ್ನು ಕ್ಷಮಿಸಲು ನಿನಗೆ ಇನ್ನೂ ಆಗುತ್ತಿಲ್ಲ, ಅದು ಬೇಕು.

ಇತಿಹಾಸದ ಓದುಗ

ಇದಕ್ಕೆ ಸಂಶೋಧನೆಯ ಬೆಂಬಲವೂ ಇದೆ. ಅಮೆರಿಕದ ಸಮಾಜಶಾಸ್ತ್ರಜ್ಞ ವರ್ನ್ ಬೆಂಗ್ಟ್ಸನ್ 1970ರಲ್ಲಿ ಶುರು ಮಾಡಿ ದಶಕಗಳ ಕಾಲ ಒಂದೇ ಕುಟುಂಬಗಳ ಹಲವು ತಲೆಮಾರುಗಳನ್ನು ಅಧ್ಯಯನ ಮಾಡಿದರು. ಮಕ್ಕಳು ತಂದೆತಾಯಿಯ ನಂಬಿಕೆಯನ್ನು ಉಳಿಸಿಕೊಳ್ಳುವುದರಲ್ಲಿ ಆ ಸಂಬಂಧದ ಆತ್ಮೀಯತೆಗೆ ದೊಡ್ಡ ಪಾತ್ರ ಇದೆ, ಅದರಲ್ಲೂ ತಂದೆಯ ಜೊತೆಗಿನ ಆತ್ಮೀಯತೆಗೆ ಅಂತ ಅವರು ಕಂಡರು. ಎಷ್ಟೇ ಭಕ್ತರಾದರೂ ತಂದೆ ದೂರ ನಿಂತರೆ ದಾಟುವುದು ಕಷ್ಟ.

ಎಮೊರಿ ವಿಶ್ವವಿದ್ಯಾಲಯದ ಮನಶ್ಶಾಸ್ತ್ರಜ್ಞರಾದ ಮಾರ್ಷಲ್ ಡ್ಯೂಕ್ ಮತ್ತು ರಾಬಿನ್ ಫಿವುಶ್ ಅವರ ಕೆಲಸವೂ ಇದೆ. ಅದು ಧರ್ಮದ ಬಗ್ಗೆ ಅಲ್ಲ. ನಿಮ್ಮ ಅಪ್ಪ ಅಮ್ಮ ಹೇಗೆ ಭೇಟಿಯಾದರು, ಅಜ್ಜ ಅಜ್ಜಿ ಎಲ್ಲಿ ಬೆಳೆದರು, ಮನೆಯಲ್ಲಿ ಯಾವ ಕಷ್ಟ ಬಂದಿತ್ತು ಅನ್ನುವಂಥ 20 ಪ್ರಶ್ನೆ ಮಕ್ಕಳಿಗೆ ಕೇಳಿದರು. ಜಾಸ್ತಿ ತಿಳಿದಿದ್ದ ಮಕ್ಕಳಲ್ಲಿ ಆತ್ಮವಿಶ್ವಾಸ ಜಾಸ್ತಿ ಕಂಡುಬಂತು. ಏರು ಇಳಿತ ಎರಡನ್ನೂ ಹೇಳುವ ಮನೆಕಥೆಯೇ ಹೆಚ್ಚು ಬಲ ಕೊಡುತ್ತದೆ ಅಂತ ಡ್ಯೂಕ್ ಹೇಳಿದ್ದರು. ಉತ್ತರಗಳನ್ನು ಬಾಯಿಪಾಠ ಮಾಡಿಸಿದರೆ ಏನೂ ಆಗುವುದಿಲ್ಲ, ಕೂತು ಮಾತಾಡುವ ಅಭ್ಯಾಸದಲ್ಲಿ ಅದರ ಬಲ ಇದೆ ಅಂತಲೂ ಎಚ್ಚರಿಸಿದ್ದರು.

ಬಿಟ್ಟು ಹೋಗಿ ಬಂದವಳು

ಅಣ್ಣಾ, ಮಗಳಿಗೆ ಹೇಳುವ ಬದಲು ಅವಳಿಂದ ಕೇಳಿಸಿ. ಅಜ್ಜಿ ಇದ್ದಾರಾ? ಫೋನಿನಲ್ಲಿ ರೆಕಾರ್ಡ್ ಮಾಡಿಕೊಂಡು ಬಾ ಅಂತ ಅವಳಿಗೇ ಬಿಡಿ. ಪ್ರಶ್ನೆಯೂ ಅವಳದೇ ಇರಲಿ. "ನಿಮಗೆ ದೇವರ ಮೇಲೆ ಯಾವತ್ತಾದರೂ ಕೋಪ ಬಂದಿತ್ತಾ?" ಅಂತ ನಾವು ಯಾರೂ ಅಜ್ಜಿಯರನ್ನು ಕೇಳುವುದಿಲ್ಲ. ಹದಿನಾರರ ಹುಡುಗಿ ಕೇಳುತ್ತಾಳೆ. ನೀವು ಆ ಕೋಣೆಯಲ್ಲಿ ಇರಬೇಡಿ.

ಹದಿಹರೆಯದವಳ ಅಪ್ಪ

ಇದು ಹೊಳೆದಿರಲಿಲ್ಲ. ಅಮ್ಮ ಇದ್ದಾರೆ, ನೆನಪೂ ಚೆನ್ನಾಗಿದೆ. ಈ ವಾರವೇ ಮಗಳ ಹತ್ತಿರ ಮಾತಾಡುತ್ತೇನೆ.

ಮೂರನೇ ತಲೆಮಾರು

ಎಲ್ಲರಿಗೂ ವಂದನೆ. ಅಣ್ಣನಿಗೆ ಈ ಮಾತುಗಳನ್ನು ಓದಿಸಿದೆ. ಅವನು ಪೂರ್ತಿ ಒಪ್ಪಿಲ್ಲ. ಆದರೆ ಲಾಜರನ ಕಥೆಯ ಜೊತೆ ಹೇಳಿದರೆ ತನಗೆ ಅಡ್ಡಿಯಿಲ್ಲ, ತಾನೂ ಕೂತು ಕೇಳುತ್ತೇನೆ ಅಂದ. ನಮ್ಮ ಮನೆಯಲ್ಲಿ ಇದೇ ದೊಡ್ಡದು.

ಒಂದು ಪ್ರಶ್ನೆ ಉಳಿದಿದೆ. ಅಜ್ಜಿಯ ಕಥೆ ಹೇಳುವಾಗ ನಮ್ಮ ದೊಡ್ಡಪ್ಪನ ವಿಷಯ ಬಂದೇ ಬರುತ್ತದೆ. ಅಜ್ಜಿ ನಂಬಿದಾಗ ಅವರು ಮನೆ ಬಿಟ್ಟು ಹೋಗಿದ್ದರು, ವರ್ಷಗಟ್ಟಲೆ ಮಾತು ಬಿಟ್ಟಿದ್ದರು. ಅಜ್ಜಿಯ ಕೊನೆಗಾಲದಲ್ಲಿ ಬಂದು ನೋಡಿಕೊಂಡದ್ದೂ ಅವರೇ. ಈಗಲೂ ಇದ್ದಾರೆ. ನನ್ನ ಮಕ್ಕಳಿಗೆ ಅವರೆಂದರೆ ಪ್ರಾಣ. ಇದನ್ನು ಹೇಳಬಹುದಾ?

ಮೊಮ್ಮಕ್ಕಳ ಅಜ್ಜ

ಮೊದಲು ಅವರನ್ನೇ ಕೇಳಮ್ಮ. ಅಜ್ಜಿಯ ಸಾವು ಬದುಕು ನಿನ್ನ ಮನೆಯ ಕಥೆ. ಆದರೆ ಮನೆ ಬಿಟ್ಟು ಹೋದದ್ದು ಅವರ ಕಥೆ. ಬೇಡ ಅಂದರೆ "ದೊಡ್ಡಪ್ಪ ಕೊನೆಗೆ ಅಜ್ಜಿಯನ್ನು ಬಹಳ ಚೆನ್ನಾಗಿ ನೋಡಿಕೊಂಡರು" ಅನ್ನುವಷ್ಟು ಹೇಳು, ಅದೂ ಸತ್ಯವೇ. ಸರಿ ಅಂದರೆ ನೀನು ಹೇಳಬೇಡ. ಮಕ್ಕಳ ಜೊತೆ ಕೂರಿಸಿ ಅವರ ಬಾಯಿಂದಲೇ ಹೇಳಿಸು. ಅವರು ಇನ್ನೂ ನಂಬದವರಾಗಿದ್ದರೂ ಪರವಾಗಿಲ್ಲ. ತಾಯಿಯಲ್ಲಿ ಅವರು ಏನು ನೋಡಿ ವಾಪಸ್ ಬಂದರು ಅಂತ ಮಕ್ಕಳು ಕೇಳಲಿ.